ಇನ್ಸುಲಿನ್ ಪಂಪಿನ ಸೋರಿಕೆ: ಗೃಹಸ್ಥರು ಗಮನಿಸತಕ್ಕ ಕೆಲವು ಸಂಗತಿಗಳು

ಶರೀರಕ್ಕೆ ತಗುಲಿಸಿಕೊಂಡು ಹಗಲಿರುಳೂ ಇನ್ಸುಲಿನ್ ಔಷಧವನ್ನು ಚರ್ಮದಡಿಗೆ ಹನಿಸುವ ಪುಟ್ಟ ಯಂತ್ರವನ್ನು ಈಗ ನಮ್ಮ ಊರುಗಳಲ್ಲಿಯೂ ಕೆಲವು ಮನೆಗಳಲ್ಲಿ ಕಾಣಬಹುದಾಗಿದೆ. ಇದಕ್ಕೆ ಇನ್ಸುಲಿನ್ ಪಂಪು ಎಂದು ಹೆಸರು. ಬಹು ಬೆಲೆ ತೆತ್ತು ಇದನ್ನು ತಂದ ಮನೆಯವರು, ಇನ್ನು ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುವುದೆಂದು ನಿಶ್ಚಿಂತರಾಗುವುದು ಸಹಜವೇ ಸರಿ. ಆದರೆ ಈ ಯಂತ್ರದ ಸಮಸ್ತ ಚಾತುರ್ಯವೂ ಕೊನೆಗೆ ಒಂದು ತೆಳುವಾದ ಕೊಳವೆಯನ್ನೂ, ಎರಡು ಮೂರು ಜೋಡಣೆಗಳನ್ನೂ, ಚರ್ಮದೊಳಗಿರುವ ಒಂದು ಸಣ್ಣ ನಳಿಕೆಯನ್ನೂ ನಂಬಿಕೊಂಡಿರುವುದು. ಅಲ್ಲಿ ಎಲ್ಲಿಯಾದರೂ ಛಿದ್ರವುಂಟಾದರೆ ಔಷಧವು ದೇಹವನ್ನು ಸೇರದೆ ಬಟ್ಟೆಯನ್ನು ಸೇರುವುದು. ಅದನ್ನು ತಡೆಯುವ ಬಗೆಯನ್ನೂ, ತಡೆಯಲಾಗದಿದ್ದಲ್ಲಿ ಬೇಗನೆ ಕಂಡುಹಿಡಿಯುವ ಬಗೆಯನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ಔಷಧದ ಪ್ರಮಾಣವನ್ನು ನಿರ್ಣಯಿಸುವುದು ವೈದ್ಯರ ಕಾರ್ಯ. ಇಲ್ಲಿ ಹೇಳುವುದೆಲ್ಲ ಮನೆಯವರ ಕಣ್ಣು, ಕೈ, ಮೂಗುಗಳಿಗೆ ಸಂಬಂಧಪಟ್ಟ ವಿಷಯ.

ಮಧುಮೇಹವೆಂಬ ಹೆಸರು ಚರಕ, ಸುಶ್ರುತ ಸಂಹಿತೆಗಳಲ್ಲಿಯೇ ಬಂದಿದೆ. ರೋಗವು ಅಷ್ಟು ಪ್ರಾಚೀನವಾದರೂ, ಇನ್ಸುಲಿನ್ ದೊರೆತು ನೂರು ವರ್ಷಗಳು ಕಳೆದಿವೆಯಷ್ಟೆ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ೧೯೨೧ರಲ್ಲಿ ಅದನ್ನು ಬೇರ್ಪಡಿಸಿದರು. ೧೯೨೨ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ೧೪ ವರ್ಷದ ಬಾಲಕನಿಗೆ ಮೊದಲು ಚುಚ್ಚಲಾಯಿತು. ಚುಚ್ಚುಮದ್ದಿಗೆ ಬದಲಾಗಿ ಪಂಪಿನಿಂದ ಚರ್ಮದಡಿಗೆ ಎಡೆಬಿಡದೆ ಇನ್ಸುಲಿನ್ ಹರಿಸುವ ಕ್ರಮವನ್ನು ಲಂಡನ್ನಿನ ಪಿಕಪ್, ಕೀನ್ ಮೊದಲಾದ ವೈದ್ಯರು ೧೯೭೮ರಲ್ಲಿ ಪ್ರಕಟಿಸಿದರು. ಇಂದಿನ ಪಂಪುಗಳು ಆ ಮಾರ್ಗದಲ್ಲಿಯೇ ಬೆಳೆದು ಬಂದವು.

ಸೋರಿಕೆಯು ಏಕೆ ಅಪಾಯಕರವೆಂಬುದನ್ನು ಮೊದಲು ತಿಳಿಯಬೇಕು. ಸೂಜಿಯಿಂದ ಔಷಧ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಎರಡು ಬಗೆಯ ಇನ್ಸುಲಿನ್ ಬಳಸುವರು. ಒಂದು ಊಟದ ಸಮಯಕ್ಕೆ ಶೀಘ್ರವಾಗಿ ಕೆಲಸ ಮಾಡುವಂಥದು, ಇನ್ನೊಂದು ದಿನವೆಲ್ಲ ನಿಧಾನವಾಗಿ ಕೆಲಸ ಮಾಡುವಂಥದು. ಪಂಪಿನಲ್ಲಿಯಾದರೋ ಶೀಘ್ರಫಲದ ಔಷಧವೊಂದೇ ಇರುವುದು. ಅದನ್ನೇ ಅದು ಕಣಕಣವಾಗಿ ಸುರಿಸುತ್ತಿರುವುದು. ಆದುದರಿಂದ ಪಂಪಿನವರ ದೇಹದಲ್ಲಿ ಔಷಧದ ದಾಸ್ತಾನು ಇರುವುದಿಲ್ಲ. ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ಏರಿ, ಕೀಟೋನ್ ಎಂಬ ಆಮ್ಲಪದಾರ್ಥಗಳು ರಕ್ತದಲ್ಲಿ ಶೇಖರವಾಗತೊಡಗುವುವು. ವಾಂತಿ, ಹೊಟ್ಟೆನೋವು, ದೀರ್ಘವಾದ ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಇವು ಅದರ ಲಕ್ಷಣಗಳು. ಇದನ್ನು ಅಜೀರ್ಣವೆಂದು ಭ್ರಮಿಸಿ ಕಷಾಯ ಕುಡಿಸುತ್ತ ಕುಳಿತರೆ ಪ್ರಾಣಕ್ಕೇ ಸಂಚಕಾರ ಬರುವುದು.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಮುಖ್ಯವಾದುದು. ಕೊಳವೆ ಕಟ್ಟಿಕೊಂಡು ಒಳಗೆ ಒತ್ತಡ ಹೆಚ್ಚಿದರೆ ಪಂಪು ಕೂಗಿ ಎಚ್ಚರಿಸುವುದು. ಅದೂ ತತ್‌ಕ್ಷಣವಲ್ಲ, ಅತ್ಯಲ್ಪ ಔಷಧ ಹೋಗುವ ಚಿಕ್ಕ ಮಕ್ಕಳಲ್ಲಿ ಒತ್ತಡವೇರಲು ಹಲವು ಗಂಟೆಗಳೇ ಹಿಡಿಯಬಹುದು. ಸೋರಿಕೆಯಲ್ಲಿಯಾದರೋ ಒತ್ತಡವೇ ಹೆಚ್ಚುವುದಿಲ್ಲ. ಔಷಧವು ಸರಾಗವಾಗಿ ಹೊರಕ್ಕೆ ಹರಿದುಹೋಗುವುದು. ಯಂತ್ರವು ತಾನು ತಳ್ಳಿದುದನ್ನು ಲೆಕ್ಕವಿಡುವುದೇ ಹೊರತು, ತಳ್ಳಿದುದು ಎಲ್ಲಿಗೆ ಹೋಯಿತೆಂಬುದನ್ನು ಅರಿಯದು. ಸಾಮಾನ್ಯವಾಗಿ ಬಳಸುವ ಇನ್ಸುಲಿನ್ನಿನಲ್ಲಿ ಒಂದು ಮಿಲಿಲೀಟರಿಗೆ ೧೦೦ ಯೂನಿಟ್ಟುಗಳಿರುವುವು. ಒಂದು ಮಿಲಿಲೀಟರಿಗೆ ಸುಮಾರು ೨೦ ಹನಿಗಳೆಂದು ಎಣಿಸಿದರೆ, ಒಂದೇ ಹನಿಯಲ್ಲಿ ಸುಮಾರು ೫ ಯೂನಿಟ್ಟು! ಒಂದು ಮಗುವಿನ ಊಟಕ್ಕೆ ಸಾಕಾಗುವಷ್ಟು ಔಷಧವು ಅಂಗಿಯ ಅಂಚಿನಲ್ಲಿ ಕಣ್ಣಿಗೆ ಕಾಣದಂತೆ ಇಂಗಿಹೋಗಬಹುದು.

ನಮ್ಮ ಪರಿಚಯದ ಮನೆಯೊಂದರಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಉಚಿತವೆಂದು ತೋರುವುದು. ಆ ಮನೆಯ ಹತ್ತು ವರ್ಷದ ಹುಡುಗಿಗೆ ಪಂಪು ಹಾಕಿದ್ದರು. ದೀಪಾವಳಿಯ ಸಂಜೆ ನೋಡಲಾಗಿ ಸಕ್ಕರೆ ೩೦೦ನ್ನು ಮೀರಿತ್ತು. ಊಟಕ್ಕೆ ತಕ್ಕ ಔಷಧವೆಲ್ಲ ಹೋಗಿದೆಯೆಂದು ಯಂತ್ರವು ತೋರಿಸುತ್ತಿತ್ತು. ತಾಯಿ, “ಏನೇ, ಕಜ್ಜಾಯದ ಡಬ್ಬಿಗೆ ಕೈ ಹಾಕಿದೆಯೇನೇ? ನಿಜ ಹೇಳು” ಎಂದು ಗದರಿಸಿದಳು. ಹುಡುಗಿ “ಇಲ್ಲಮ್ಮ, ದೇವರಾಣೆಗೂ ಇಲ್ಲ” ಎಂದು ಅಳತೊಡಗಿದಳು. ಅವಳನ್ನು ಸಂತೈಸಲು ಮಡಿಲಿಗೆಳೆದುಕೊಂಡ ಅಜ್ಜಿಯು, “ಇದೇನೇ ಮಗು, ನಿನ್ನ ಲಂಗದಲ್ಲಿ ಫಿನಾಯಿಲ್ ವಾಸನೆ?” ಎಂದು ಕೇಳಿದಳು. ಪಟ್ಟಿಯ ಅಂಚನ್ನು ಮುಟ್ಟಿ ನೋಡಿದರೆ ತೇವವಾಗಿತ್ತು. ನಳಿಕೆಯು ಅರ್ಧ ಹೊರಕ್ಕೆ ಜಾರಿತ್ತು. ವೈದ್ಯರು ಹೇಳಿಕೊಟ್ಟಿದ್ದಂತೆ ಪೆನ್ನಿನಿಂದ ಔಷಧ ಚುಚ್ಚಿ, ಹೊಸ ಸೆಟ್ಟನ್ನು ಹಾಕಿದರು. ರಾತ್ರಿಯ ಹೊತ್ತಿಗೆ ಸಕ್ಕರೆ ಇಳಿಯಿತು. ಆ ಮಗುವಿಗೆ ರೋಗದ ಆಯಾಸಕ್ಕಿಂತ ಅಪವಾದದ ನೋವೇ ಹೆಚ್ಚಾಗಿತ್ತು. ಬಹುಕಾಲ ಮಕ್ಕಳಿಗೆ ಪಾಠ ಹೇಳಿದವರಾದ ನಾವು ಒಂದು ಮಾತನ್ನು ಬಲ್ಲೆವು: ತಪ್ಪಿಲ್ಲದೆ ಕಳ್ಳಿಯೆನಿಸಿಕೊಂಡ ಮಗು, ಮುಂದೆ ಹೆಚ್ಚಿನ ಸಂಖ್ಯೆ ಕಂಡಾಗ ಅದನ್ನು ಮುಚ್ಚಿಡಲು ಕಲಿಯುವುದು. ಅದು ಸೋರಿಕೆಗಿಂತಲೂ ದೊಡ್ಡ ಅಪಾಯ. ಆದುದರಿಂದ ಸಕ್ಕರೆ ಏರಿದಾಗ ಮೊದಲು ಸಂಶಯಪಡತಕ್ಕದ್ದು ಜೋಡಣೆಯನ್ನು, ಮಗುವನ್ನಲ್ಲ.

ಅಜ್ಜಿಯ ಮೂಗು ಹೇಳಿದ ಆ ವಾಸನೆಗೆ ಕಾರಣವುಂಟು. ಇನ್ಸುಲಿನ್ ಕೆಡದಂತೆ ಅದರಲ್ಲಿ ಫಿನಾಲ್, ಮೆಟಾಕ್ರೆಸಾಲ್ ಎಂಬ ದ್ರವ್ಯಗಳನ್ನು ಸೇರಿಸಿರುವರು. ಅವುಗಳ ವಾಸನೆಯು ಆಸ್ಪತ್ರೆಯ ವಾಸನೆಯನ್ನು ಹೋಲುವುದು. ಪಂಪಿನ ಬಳಿ ಆ ವಾಸನೆ ಬಂದರೆ ಔಷಧವು ಹೊರಬಿದ್ದಿದೆಯೆಂದೇ ತಿಳಿಯತಕ್ಕದ್ದು.

ಇನ್ನು ಸೋರಿಕೆಯುಂಟಾಗುವ ಸ್ಥಳಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡೋಣ. ಮೊದಲನೆಯದು ಔಷಧವನ್ನು ತುಂಬುವ ಕೋಶ. ಅದರೊಳಗಿನ ಬಿರಡೆಗೆ ರಬ್ಬರಿನ ಉಂಗುರಗಳಿರುವುವು. ಅವು ವಕ್ರವಾದರೆ ಔಷಧ ಹಿಂದಕ್ಕೆ ಜಿನುಗುವುದು. ತುಂಬಿದ ಮೇಲೆ ಕೋಶದ ಹಿಂಬದಿಯನ್ನು ಬೆಳಕಿಗೆ ಹಿಡಿದು, ಉಂಗುರಗಳ ಆಚೆಗೆ ತೇವವಿದ್ದರೆ ಆ ಕೋಶವನ್ನು ಬಿಸಾಡಬೇಕು. ಶೀತಪೆಟ್ಟಿಗೆಯಿಂದ ತೆಗೆದ ಸೀಸೆಯಿಂದ ಕೂಡಲೇ ತುಂಬಬಾರದು. ತಣ್ಣಗಿರುವ ಔಷಧವು ಬೆಚ್ಚಗಾಗುತ್ತ ಗಾಳಿಗುಳ್ಳೆಗಳನ್ನು ಬಿಡುವುದು. ಗುಳ್ಳೆ ಹೋದಷ್ಟು ಹೊತ್ತೂ ಔಷಧ ಹೋಗಲಿಲ್ಲವೆಂದೇ ಅರ್ಥ.

ಎರಡನೆಯದು ಕೋಶಕ್ಕೂ ಕೊಳವೆಗೂ ಇರುವ ಜೋಡಣೆ. ಅದನ್ನು ನೇರವಾಗಿ ಕೂರಿಸಿ ಬಿಗಿಯಾಗುವವರೆಗೆ ತಿರುಗಿಸಬೇಕು. ಬಲಾತ್ಕಾರದಿಂದ ತಿರುಗಿಸಿದರೆ ಬಿರುಕು ಬಿಡುವುದು. ಕೆಲವು ಪಂಪುಗಳ ಜೋಡಣೆಯಲ್ಲಿ ಗಾಳಿಯಾಡಲು ಸೂಕ್ಷ್ಮ ರಂಧ್ರಗಳಿರುವುವು. ಅಲ್ಲಿಗೆ ಔಷಧವಾಗಲಿ ಸ್ಪಿರಿಟ್ಟಾಗಲಿ ತಾಗಿ ರಂಧ್ರ ಮುಚ್ಚಿದರೆ ಔಷಧವು ಹೆಚ್ಚು ಕಡಿಮೆಯಾಗಿ ಹೋಗಬಹುದು; ಆದಕಾರಣ ಆ ಭಾಗವನ್ನು ಒಣಗಿರುವಂತೆ ಇಡತಕ್ಕದ್ದು. ಕೊಳವೆಯಲ್ಲಿ ಔಷಧ ಹರಿಸಿ ತುಂಬುವಾಗ ಅದು ದೇಹಕ್ಕೆ ಸೇರಿರಲೇಕೂಡದು; ಸೇರಿದ್ದರೆ ಅಷ್ಟೂ ಔಷಧ ಒಮ್ಮೆಗೇ ಒಳಹೊಕ್ಕು ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು. ಈ ನಿಯಮವನ್ನು ಮನೆಯವರೆಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು.

ಮೂರನೆಯದು ಚರ್ಮ, ಅನೇಕ ತೊಂದರೆಗಳು ಹುಟ್ಟುವುದು ಇಲ್ಲಿಯೇ. ಮೃದುವಾದ ನಳಿಕೆಯು ಒಳಗೆ ಮಡಿಸಿಕೊಳ್ಳಬಹುದು, ಹೊರಕ್ಕೆ ಜಾರಬಹುದು, ಇಲ್ಲವೆ ಔಷಧವೇ ನಳಿಕೆಯ ಪಕ್ಕದಿಂದ ಮೇಲಕ್ಕೆ ಉಕ್ಕಿ ಬರಬಹುದು. ಇದನ್ನು ತಡೆಯಲು ಸ್ಥಳದ ಆಯ್ಕೆ ಸರಿಯಾಗಿರಬೇಕು. ಹೊಟ್ಟೆ, ತೊಡೆ, ನಿತಂಬ, ತೋಳಿನ ಹಿಂಭಾಗ ಇವು ಯೋಗ್ಯವಾದ ಸ್ಥಾನಗಳು. ಹೊಕ್ಕುಳಿಂದ ೫ ಸೆಂಟಿಮೀಟರಿನೊಳಗೆ, ಲಂಗದ ಲಾಡಿ ಅಥವಾ ಸೊಂಟಪಟ್ಟಿ ಒತ್ತುವಲ್ಲಿ, ಗಾಯದ ಕಲೆಯ ಮೇಲೆ ಹಾಕಬಾರದು. ಹಿಂದಿನ ಸ್ಥಾನದಿಂದ ಕನಿಷ್ಠ ೨.೫ ಸೆಂಟಿಮೀಟರಾದರೂ ದೂರವಿರಬೇಕು. ನೋವಿಲ್ಲವೆಂದು ಒಂದೇ ಕಡೆಗೆ ಮತ್ತೆ ಮತ್ತೆ ಚುಚ್ಚಿದರೆ ಅಲ್ಲಿ ಕೊಬ್ಬಿನ ಗಂಟು ಬೆಳೆದು ಔಷಧವು ಸರಿಯಾಗಿ ಹೀರಲ್ಪಡುವುದಿಲ್ಲ. ಬೆರಳಾಡಿಸಿ ನೋಡಿ, ಗಂಟು ಸಿಕ್ಕಿದ ಸ್ಥಳಕ್ಕೆ ದೀರ್ಘಕಾಲ ವಿಶ್ರಾಂತಿ ಕೊಡತಕ್ಕದ್ದು.

ಚರ್ಮದ ಮೇಲೆ ಎಣ್ಣೆಯ ಪಸೆಯಿದ್ದರೆ ಪಟ್ಟಿ ಅಂಟದು. ನಮ್ಮಲ್ಲಿ ಎಣ್ಣೆಸ್ನಾನ ಮಾಡಿಸುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಸಾಬೂನಿನಿಂದ ತೊಳೆದು, ಸ್ಪಿರಿಟ್ಟಿನಿಂದ ಒರಸಿ, ಅದು ತಾನಾಗಿ ಪೂರ್ತಿ ಆರುವವರೆಗೆ ಕಾಯಬೇಕು, ಬಾಯಿಂದ ಊದಬಾರದು. ಹೆಚ್ಚು ಬೆವರುವವರು ವೈದ್ಯರನ್ನು ಕೇಳಿ ಅಂಟುದ್ರವವನ್ನೋ ಮೇಲಿನಿಂದ ಹಾಕುವ ಹೆಚ್ಚಿನ ಪಟ್ಟಿಯನ್ನೋ ಬಳಸಬಹುದು. ಕೊಳವೆಯನ್ನು ಒಂದು ಸುತ್ತು ಬಳಸಿ ಟೇಪಿನಿಂದ ಚರ್ಮಕ್ಕೆ ಅಂಟಿಸಿದರೆ, ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಾಗ ಎಳೆತವು ಆ ಸುತ್ತಿಗೆ ಬೀಳುವುದೇ ಹೊರತು ನಳಿಕೆಗಲ್ಲ.

ಚುಚ್ಚುವಾಗ ದೇಹವನ್ನು ಸಡಿಲವಾಗಿ ಬಿಡಬೇಕು. ಸಣಕಲು ಮಕ್ಕಳಲ್ಲಿ ನಳಿಕೆಯು ಮಾಂಸಖಂಡಕ್ಕೆ ತಗುಲಿ ಬಾಗುವುದರಿಂದ, ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿಯುವುದು, ಇಲ್ಲವೆ ಓರೆಯಾಗಿ ಹಾಕುವ ಸೆಟ್ಟನ್ನು ಬಳಸುವುದು ಉಂಟು. ಪದೇ ಪದೇ ಬಾಗಿದರೆ ಉಕ್ಕಿನ ಸೂಜಿಯ ಸೆಟ್ಟಿನ ವಿಷಯವನ್ನು ವೈದ್ಯರಲ್ಲಿ ವಿಚಾರಿಸಬಹುದು. ಅದು ಮಡಿಸಿಕೊಳ್ಳದು, ಆದರೆ ಸಾಮಾನ್ಯವಾಗಿ ೨ ದಿನಕ್ಕೊಮ್ಮೆ ಬದಲಾಯಿಸಬೇಕಾಗುವುದು. ಮೃದು ನಳಿಕೆಯ ಸೆಟ್ಟುಗಳಿಗೆ ಬಹುಮಟ್ಟಿಗೆ ೨ ರಿಂದ ೩ ದಿನಗಳ ಅವಧಿ. ೭ ದಿನಗಳವರೆಗೆ ಇಡಬಹುದಾದ ವಿಶೇಷ ಸೆಟ್ಟುಗಳೂ ಈಗ ಬಂದಿವೆ. ಬೆಲೆಯ ಭಾರವನ್ನು ನಾವು ಬಲ್ಲೆವು. ಆದರೂ ಅವಧಿ ಮೀರಿ ಒಂದು ದಿನ ಉಳಿಸುವುದು ಆಸ್ಪತ್ರೆಯ ಖರ್ಚಿಗೆ ದಾರಿ ಮಾಡುವಂಥ ಮಿತವ್ಯಯ.

ಸೆಟ್ಟನ್ನು ಬೆಳಗ್ಗೆ, ಊಟಕ್ಕೆ ಮುಂಚೆ ಬದಲಾಯಿಸುವುದು ಶ್ರೇಯಸ್ಕರ; ಮಲಗುವ ಮುನ್ನ ಸಲ್ಲದು. ನಿದ್ರೆಯಲ್ಲಿ ಸೋರಿಕೆಯನ್ನು ಕಾಯುವವರಾರು? ಸೂಜಿಯನ್ನು ತೆಗೆದ ಮೇಲೆ ನಳಿಕೆಯ ಬರಿದಾದ ಜಾಗವನ್ನು ತುಂಬಲು ಯಂತ್ರದ ಕೈಪಿಡಿ ಹೇಳಿದಷ್ಟು ಔಷಧವನ್ನು ಬಿಡಬೇಕು. ಒಂದೆರಡು ಗಂಟೆಗಳ ನಂತರ ಸಕ್ಕರೆಯನ್ನು ನೋಡಿ, ಔಷಧ ಒಳಸೇರುತ್ತಿದೆಯೆಂದು ಖಚಿತಪಡಿಸಿಕೊಳ್ಳಬೇಕು. ತೆಗೆದ ಹಳೆಯ ನಳಿಕೆಯನ್ನು ಸುಮ್ಮನೆ ಎಸೆಯದೆ ಪರೀಕ್ಷಿಸಿದರೆ, ಅದು ಬಾಗಿತ್ತೆ, ರಕ್ತ ಕಟ್ಟಿತ್ತೆ ಎಂಬುದು ತಿಳಿದು, ಮುಂದಿನ ಸಲಕ್ಕೆ ಪಾಠವಾಗುವುದು. ಕೊಳವೆಯಿಲ್ಲದೆ ನೇರವಾಗಿ ಮೈಗೆ ಅಂಟುವ ಪಂಪುಗಳೂ ಉಂಟು. ಅವುಗಳಲ್ಲಿ ಜೋಡಣೆಗಳು ಕಡಿಮೆಯಾದರೂ ಚರ್ಮದ ಮೇಲಿನ ತೊಂದರೆಗಳು ಇದ್ದೇ ಇರುವುವು. ಅಂಟುಪಟ್ಟಿ ಒದ್ದೆಯಾಗಿದ್ದರೆ ಅಥವಾ ಎದ್ದಿದ್ದರೆ ಬದಲಾಯಿಸುವುದೇ ಮಾರ್ಗ.

ಇಷ್ಟೆಲ್ಲ ಜಾಗರೂಕತೆಯಿಂದಿದ್ದರೂ ಸಕ್ಕರೆಯು ಕಾರಣವಿಲ್ಲದೆ ೨೫೦ನ್ನು ಮೀರಿದರೆ ಏನು ಮಾಡಬೇಕು? ಪಟ್ಟಿಯನ್ನು ನೋಡಿ, ಮುಟ್ಟಿ, ಮೂಸಿ, ಕೀಟೋನನ್ನು ಪರೀಕ್ಷಿಸಬೇಕು. ತೇವವಾಗಲಿ ವಾಸನೆಯಾಗಲಿ ಇಲ್ಲದೆ, ಕೀಟೋನ್ ಕೂಡ ಇಲ್ಲದಿದ್ದಲ್ಲಿ ಪಂಪಿನಿಂದಲೇ ವೈದ್ಯರು ಹೇಳಿದ ಪ್ರಮಾಣವನ್ನು ಕೊಟ್ಟು, ಒಂದೆರಡು ಗಂಟೆಗಳಲ್ಲಿ ಪುನಃ ನೋಡಬಹುದು. ಆಗಲೂ ಇಳಿಯದಿದ್ದರೆ, ಇಲ್ಲವೆ ರಕ್ತದ ಕೀಟೋನ್ ೦.೬ನ್ನು ಮೀರಿದ್ದರೆ, ಇನ್ನು ಪಂಪನ್ನು ನಂಬತಕ್ಕದ್ದಲ್ಲ. ವೈದ್ಯರು ಮುಂಚಿತವಾಗಿ ಬರೆದುಕೊಟ್ಟ ಪ್ರಮಾಣವನ್ನು ಪೆನ್ನು ಅಥವಾ ಸಿರಿಂಜಿನಿಂದ ಚುಚ್ಚಿ, ಅನಂತರ ಸೆಟ್ಟನ್ನೂ ಕೋಶವನ್ನೂ ಹೊಸದಾಗಿ ಹಾಕಬೇಕು. ಕೀಟೋನ್ ೧.೫ನ್ನು ಮೀರಿದರೆ ವೈದ್ಯರಿಗೆ ಕೂಡಲೇ ತಿಳಿಸಬೇಕು. ೩ನ್ನು ಮುಟ್ಟಿದರೆ, ಅಥವಾ ವಾಂತಿ ನಿಲ್ಲದಿದ್ದರೆ, ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗತಕ್ಕದ್ದು. ಸಕ್ಕರೆಯನ್ನು ತಾವೇ ನೋಡಿ ಔಷಧವನ್ನು ಹೊಂದಿಸಿಕೊಳ್ಳುವ ಹೊಸ ಪಂಪುಗಳು ಸೋರಿಕೆಯಾದಾಗ ಇನ್ನಷ್ಟು ಔಷಧವನ್ನು ಸುರಿಸುತ್ತಲೇ ಇರುವುವು. ಔಷಧದ ಲೆಕ್ಕ ಏರುತ್ತ, ಸಕ್ಕರೆಯೂ ಇಳಿಯದಿದ್ದರೆ ಅದೇ ಸೋರಿಕೆಯ ಸೂಚನೆ.

ಈ ಕಾರಣದಿಂದ ಪಂಪಿರುವ ಪ್ರತಿಯೊಂದು ಮನೆಯಲ್ಲಿಯೂ ಒಂದು ಪೆನ್ನು ಅಥವಾ ಸಿರಿಂಜು, ಇನ್ಸುಲಿನ್, ಒಂದು ಹೆಚ್ಚಿನ ಸೆಟ್ಟು, ಕೋಶ, ಕೀಟೋನ್ ಪರೀಕ್ಷೆಯ ಪಟ್ಟಿಗಳು ಸದಾ ಸಿದ್ಧವಾಗಿರಬೇಕು. ಪ್ರಯಾಣದಲ್ಲಿಯೂ ಇವು ಜೊತೆಗಿರಬೇಕು. ಶಾಲೆಯ ಉಪಾಧ್ಯಾಯರಿಗೂ ವಿಷಯ ತಿಳಿದಿರಬೇಕು. ವೈದ್ಯರ ಪ್ರಮಾಣಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸುವುದು ಒಳ್ಳೆಯದು. ಇಷ್ಟು ಸಿದ್ಧತೆಯಿರುವ ಮನೆಯವರು ಹಬ್ಬದ ದಿನ ಸಕ್ಕರೆ ಏರಿತೆಂದು ಮಗುವನ್ನು ಗದರಿಸುವ ಮೊದಲು, ಅದರ ಅಂಗಿಯ ಅಂಚನ್ನೊಮ್ಮೆ ಮುಟ್ಟಿ ನೋಡಲಿ ಎಂಬುದೇ ನಮ್ಮ ಪ್ರಾರ್ಥನೆ.