ಪೋಕೆಮಾನ್ ಜೀವಿಗಳ ಅಸಂಗತ ಶಕ್ತಿಗಳು: ಒಂದು ವಿವೇಚನೆ

ಕಾಲ್ಪನಿಕ ಜೀವಿಗಳನ್ನು ಹಿಡಿದು, ಪಳಗಿಸಿ, ಪರಸ್ಪರ ಕಾದಾಡಿಸುವ ವಿಡಿಯೋ ಆಟಗಳಲ್ಲಿ ಆ ಜೀವಿಗಳ ದೇಹರಚನೆಗೆ ಒಪ್ಪದ ಶಕ್ತಿಗಳು ಕಂಡುಬರುವುದು ಮೇಲುನೋಟಕ್ಕೆ ನಗೆ ತರಿಸುವ ಸಂಗತಿ. ಇದನ್ನು ರಚನಕಾರರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಆಧಾರಗ್ರಂಥವೊಂದರ ಅಸಂಗತಿಯೇ ಅನೇಕ ವೇಳೆ ಆ ಗ್ರಂಥ ಹುಟ್ಟಿದ ಬಗೆಗೆ ಸಾಕ್ಷಿಯಾಗುತ್ತದೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಈ ದೃಷ್ಟಿಯಿಂದ ಜಪಾನಿನ ಪೋಕೆಮಾನ್ ಆಟಗಳನ್ನು ಇಲ್ಲಿ ಪರಿಶೀಲಿಸಿದೆ. ಜೀವಿಗಳಿಗೆ ಇಂಗ್ಲಿಷ್ ಆವೃತ್ತಿಯ ಹೆಸರುಗಳನ್ನೇ ಬಳಸಿದೆ.

ಈ ಮಾಲೆಯ ಮೊದಲ ಆಟಗಳು 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಪ್ರಕಟವಾದವು. ಅವುಗಳಲ್ಲಿ 151 ಬಗೆಯ ಜೀವಿಗಳಿದ್ದುವು. ಪ್ರತಿಯೊಂದು ಜೀವಿಯೂ ಅಗ್ನಿ, ಜಲ, ಶಿಲೆ ಮೊದಲಾದ ವರ್ಗಗಳಲ್ಲಿ ಒಂದಕ್ಕೋ ಎರಡಕ್ಕೋ ಸೇರುತ್ತದೆ. ಯಾವ ವರ್ಗದ ಪ್ರಹಾರ ಯಾವ ವರ್ಗವನ್ನು ಎಷ್ಟು ನೋಯಿಸುತ್ತದೆಂಬುದು ಮೊದಲೇ ಗೊತ್ತಾಗಿರುತ್ತದೆ. ಈ ನಿಯಮಗಳೊಡನೆ ಜೀವಿಯ ಚಿತ್ರ, ವರ್ಣನೆ ಮತ್ತು ಶಕ್ತಿಗಳನ್ನು ಹೋಲಿಸಿದಾಗ ಅಸಂಗತಿಗಳು ಬೇರೆಬೇರೆ ಕಾರಣಗಳಿಂದ ಹುಟ್ಟಿದುವೆಂಬುದು ವಿದಿತವಾಗುತ್ತದೆ.

ಮೊದಲನೆಯ ಕಾರಣ ಸಂಚಾರದ ಅಗತ್ಯ. ರೈಡಾನ್ ಎಂಬ ಜೀವಿ ಭೂಮಿ ಮತ್ತು ಶಿಲೆಯ ವರ್ಗಗಳಿಗೆ ಸೇರಿದುದು. ನೀರಿನ ಪ್ರಹಾರ ಅದಕ್ಕೆ ನಾಲ್ಕು ಪಟ್ಟು ಹಾನಿ ಮಾಡುತ್ತದೆ. ಆದರೂ ಅದು ಆಟಗಾರನನ್ನು ಹೊತ್ತು ಸಮುದ್ರವನ್ನು ದಾಟಬಲ್ಲದು! ಹಾಗೆಯೇ ರೆಕ್ಕೆಯೇ ಕಾಣದ ಡೋಡುವೊ ಎಂಬ ಪಕ್ಷಿ ಅವನನ್ನು ಊರಿಂದೂರಿಗೆ ಹಾರಿಸಿಕೊಂಡು ಹೋಗಬಲ್ಲದು. ಕಥೆ ಮುಂದುವರಿಯಬೇಕಾದರೆ ಸಮುದ್ರವನ್ನು ದಾಟಲೇಬೇಕು. ಆಟಗಾರನು ಒಮ್ಮೆಗೆ ಜೊತೆಯಲ್ಲಿಟ್ಟುಕೊಳ್ಳಬಹುದಾದ ಜೀವಿಗಳಾದರೋ ಆರೇ. ಆದುದರಿಂದ ಈಜು ಮತ್ತು ಹಾರಾಟಗಳು ಇಲ್ಲಿ ದೇಹಧರ್ಮಗಳಾಗಿರದೆ ದಾರಿಯನ್ನು ತೆರೆಯುವ ಕೀಲಿಕೈಗಳಾಗಿವೆಯೆಂದೂ, ಅವುಗಳನ್ನು ಹಲವು ಜೀವಿಗಳಿಗೆ ಹಂಚಬೇಕಾಯಿತೆಂದೂ ಊಹಿಸುವುದು ಯುಕ್ತ. 2016ರ ಆಟಗಳಲ್ಲಿ ಸಂಚಾರಕ್ಕೆಂದೇ ಪ್ರತ್ಯೇಕ ಸವಾರಿ ಜೀವಿಗಳನ್ನು ಒದಗಿಸಿ ಈ ಹಳೆಯ ಏರ್ಪಾಡನ್ನು ಕೈಬಿಟ್ಟುದು ಈ ಊಹೆಯನ್ನು ಬಲಪಡಿಸುತ್ತದೆ.

ಎರಡನೆಯ ಕಾರಣ ಬಲಾಬಲಗಳ ತೂಕ. 2002ರಲ್ಲಿ ಪ್ರತಿ ಜೀವಿಗೂ ಒಂದು ಸಹಜಗುಣವನ್ನು ಕೊಡುವ ಪದ್ಧತಿ ಆರಂಭವಾಯಿತು. ಆಗ ಬಂದ ಸ್ಲೇಕಿಂಗ್ ಸದಾ ಒರಗಿ ಮಲಗಿರುವ ಸೋಮಾರಿ. ಆದರೆ ಅದರ ಮೂಲಬಲಗಳ ಮೊತ್ತ 670. ಸಾಗರವನ್ನು ವಿಸ್ತರಿಸಿತೆಂದು ಅದೇ ಆಟದ ಪುರಾಣ ಹೇಳುವ ಕಯೋಗರ್ ಜೀವಿಯ ಮೊತ್ತವೂ ಅಷ್ಟೇ. ಸೋಮಾರಿಗೆ ಇಂಥ ಬಲವೇಕೆ? ಅದರ ಸಹಜಗುಣವಾದ ಆಲಸ್ಯದಿಂದಾಗಿ ಅದು ಸರದಿ ಬಿಟ್ಟು ಸರದಿಗೆ ಮಾತ್ರ ಕಾದುತ್ತದೆ. ಒಂದು ತಟ್ಟೆಯಲ್ಲಿ ಕಳೆದುದನ್ನು ಇನ್ನೊಂದರಲ್ಲಿ ತುಂಬಿದ ಲೆಕ್ಕ ಇದು.

ಮೂರನೆಯ ಕಾರಣ ವರ್ಣನೆಗೂ ನಿಯಮಕ್ಕೂ ಇರುವ ಅಂತರ. ಮ್ಯಾಗ್‌ಕಾರ್ಗೊ ಎಂಬ ಬಸವನಹುಳುವಿನ ಮೈಯ ಉಷ್ಣತೆ ಸುಮಾರು 18,000 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 10,000 ಡಿಗ್ರಿ ಸೆಲ್ಸಿಯಸ್ ಎಂದು ಆಟದ ಜೀವಿಕೋಶ ಹೇಳುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆಯೇ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಆದರೂ ಅದರೆದುರು ನಿಂತ ಜೀವಿ ಕರಗುವುದಿಲ್ಲ. ಚಕೋರ ಬೆಳದಿಂಗಳನ್ನು ಕುಡಿಯುತ್ತದೆಂಬ ಕವಿಸಮಯವನ್ನು ನಮ್ಮ ಕಾವ್ಯಮೀಮಾಂಸಕರು ಪ್ರಾಣಿಶಾಸ್ತ್ರವೆಂದು ಭಾವಿಸಲಿಲ್ಲ. ಈ ವರ್ಣನೆಗಳನ್ನೂ ಹಾಗೆಯೇ ಓದಬೇಕು.

ಹೀಗೆಂದಮಾತ್ರಕ್ಕೆ ಎಲ್ಲ ಅಸಂಗತಿಯೂ ಉದ್ದೇಶಪೂರ್ವಕವಲ್ಲ. ಮೊದಲ ಆಟದಲ್ಲಿ ಮಾನಸಿಕ ಶಕ್ತಿಯ ಜೀವಿಗಳು ಪ್ರೇತ ಮತ್ತು ಕೀಟಗಳಿಗೆ ಅಂಜುತ್ತವೆಂದು ಒಂದು ಪಾತ್ರ ಹೇಳುತ್ತದೆ. ನಿಯಮದಲ್ಲಾದರೋ ಪ್ರೇತವರ್ಗದ ಪ್ರಹಾರ ಅವುಗಳಿಗೆ ತಾಗುವುದೇ ಇಲ್ಲ. 1999ರ ಆಟಗಳಲ್ಲಿ ಅದನ್ನು ಇಮ್ಮಡಿ ಹಾನಿಯಾಗಿ ಬದಲಾಯಿಸಲಾಯಿತು. ರೆಕ್ಕೆಯುಳ್ಳ ಚಾರಿಜಾರ್ಡ್ ಮೊದಲು ಹಾರಾಟವನ್ನು ಕಲಿಯಲಾರದಾಗಿತ್ತು; 1998ರ ಆವೃತ್ತಿಯಲ್ಲಿ ಅದಕ್ಕೆ ಆ ಅವಕಾಶ ದೊರೆಯಿತು. ಆದರೆ ರೈಡಾನಿನ ಈಜು 1999ರ ಆಟಗಳಲ್ಲಿಯೂ ಉಳಿದುಬಂದಿತು. ರಚನಕಾರರು ತಾವೇ ತಿದ್ದಿದುದನ್ನು ಪ್ರಮಾದವೆಂದೂ, ಉಳಿಸಿಕೊಂಡುದನ್ನು ಒಪ್ಪಿತವೆಂದೂ ತಾತ್ಕಾಲಿಕವಾಗಿ ಎಣಿಸಬಹುದು.

ಆಟದ ಅಭಿಮಾನಿಗಳು ಇಂಥ ವಿರೋಧಗಳಿಗೆ ತಾವೇ ಸಮಾಧಾನಗಳನ್ನು ಕಲ್ಪಿಸುವುದುಂಟು. ಶಾಸನಗಳನ್ನೂ ವಂಶಾವಳಿಗಳನ್ನೂ ಓದುವಾಗ ನಾವು ಮಾಡುವ ತಪ್ಪೂ ಇದೇ. ಎರಡು ಹೇಳಿಕೆಗಳು ಕೂಡದಿದ್ದಾಗ ಮೂರನೆಯದೊಂದನ್ನು ಕಲ್ಪಿಸಿ ಅವನ್ನು ಕೂಡಿಸಿಬಿಡುತ್ತೇವೆ. ಅದರಿಂದ ಅವು ಏಕೆ ಕೂಡಲಿಲ್ಲವೆಂಬ ಸಾಕ್ಷ್ಯವೇ ಅಳಿದುಹೋಗುತ್ತದೆ. ಅಸಂಗತಿಯನ್ನು ಕಂಡೊಡನೆ ನಗುವುದೂ ಬೇಡ, ತಿದ್ದುವುದೂ ಬೇಡ. ಅದು ಯಾವ ಅಗತ್ಯದಿಂದ ಹುಟ್ಟಿತೆಂದು ಮೊದಲು ಕೇಳುವುದು ಲೇಸು. ವಿದ್ಯಾರ್ಥಿಗಳು ತಾವು ಬಲ್ಲ ಆಟದಲ್ಲಿ ಈ ಪ್ರಶ್ನೆಯನ್ನು ಕೇಳಲು ಕಲಿತರೆ, ತಾಮ್ರಶಾಸನದ ಮುಂದೆಯೂ ಕೇಳಬಲ್ಲರು.