ಜೌಗಿನಲ್ಲಿ ನಿಂತು ಉಸಿರಾಡುವ ಮರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ವಾಸಿಸುವ ನಮಗೆ, ಮರಕ್ಕೆ ಬರುವ ಕಷ್ಟವೆಂದರೆ ನೀರಿನ ಅಭಾವವೇ ಎಂದು ತೋರುವುದು ಸಹಜ. ಆದರೂ ಬುಡದಲ್ಲಿ ನೀರು ಬಹುದಿನ ನಿಂತರೆ ತೆಂಗು ಸೊರಗುವುದೆಂಬುದನ್ನು ನಮ್ಮ ರೈತರು ಬಲ್ಲರು. ಬಸಿಗಾಲುವೆ ತೆಗೆದು ಅದನ್ನು ಹೊರಹಾಯಿಸುವರು. ಹೀಗಿರುವಲ್ಲಿ, ಸದಾ ಜೌಗಿನಲ್ಲಿಯೇ ನಿಂತು ಬಾಳುವ ಮರವೊಂದು ನಮ್ಮ ರಾಜ್ಯದಲ್ಲಿಯೇ ಉಂಟೆಂದರೆ ವಾಚಕರಿಗೆ ಕುತೂಹಲ ಹುಟ್ಟದಿರದು.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿರುವ ಕತ್ತಲೆಕಾನು ಅದರ ನೆಲೆಗಳಲ್ಲೊಂದು. ಶಾಸ್ತ್ರಜ್ಞರು ಅದನ್ನು ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂದು ಕರೆಯುವರು. ಜಾಜಿಕಾಯಿ, ರಾಮಪತ್ರೆಗಳ ಬಂಧುವಾದ ಈ ಮರ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಬೆಳೆಯದು. ನಮ್ಮಲ್ಲಿ ವರ್ಷಕ್ಕೆ ಸುಮಾರು ೬೦-೭೦ ಸೆಂಟಿಮೀಟರು ಮಳೆಯಾದರೆ, ಅಲ್ಲಿ ೩೦೦ಕ್ಕೂ ಮಿಕ್ಕಿ ಸುರಿಯುವುದು. ಬೇಸಗೆಯಲ್ಲಿಯೂ ಬತ್ತದ ತೊರೆಗಳ ಬದಿಯ ಕೆಸರುನೆಲವೇ ಈ ಮರದ ಮನೆ.

ಬೇರಿಗೂ ಉಸಿರಾಟ ಬೇಕು. ಒಂದು ಲೀಟರು ಗಾಳಿಯಲ್ಲಿ ಸುಮಾರು ೨೧೦ ಮಿಲಿಲೀಟರು ಆಮ್ಲಜನಕವಿದ್ದರೆ, ಅಷ್ಟೇ ನೀರಿನಲ್ಲಿ ಕರಗಿರುವುದು ಆರೇಳು ಮಿಲಿಲೀಟರು ಮಾತ್ರ. ಅದು ನೀರಿನಲ್ಲಿ ಹರಡುವುದೂ ಬಲು ನಿಧಾನ. ಅದರ ವಿಸರಣಾಂಕ ಗಾಳಿಯಲ್ಲಿರುವುದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. ಕೆಸರಿನ ಸೂಕ್ಷ್ಮಜೀವಿಗಳು ಆ ಅಲ್ಪವನ್ನೂ ಬಳಸಿಬಿಡುವುವು. ಆದುದರಿಂದ ಈ ಮರ ಬೇರುಗಳನ್ನೇ ಗಾಳಿಗೆ ಎತ್ತಿದೆ. ಕೆಲವು ಕಾಂಡದಿಂದ ಊರುಗೋಲಿನಂತೆ ಇಳಿಯುವುವು. ಕೆಲವು ಕೆಸರಿನಿಂದ ಮೇಲೆದ್ದು, ಮಡಿಸಿದ ಮಂಡಿಯಂತೆ ಬಾಗಿ ಮತ್ತೆ ನೆಲ ಸೇರುವುವು. ಅವುಗಳ ತೊಗಟೆಯ ರಂಧ್ರಗಳ ಮೂಲಕ ಆಮ್ಲಜನಕ ಒಳಹೊಗುವುದು.

ಮರವನ್ನು ಬದುಕಿಸಿದ ಈ ನೆಲೆಯೇ ಅದಕ್ಕೆ ಅಪಾಯವನ್ನೂ ತಂದಿದೆ. ವರ್ಷವಿಡೀ ನೀರಿರುವ ಕಣಿವೆಯ ತಳ ಬತ್ತದ ಗದ್ದೆಗೂ ಅಡಿಕೆ ತೋಟಕ್ಕೂ ಬಲು ಒಳ್ಳೆಯದು. ಜೌಗುಗಳು ಹೀಗೆ ಸಾಗುವಳಿಗೆ ಸೇರಿ, ಉಳಿದವು ಚಿಕ್ಕ ಚಿಕ್ಕ ತುಣುಕುಗಳಾಗಿವೆ. ತೊರೆಯ ನೀರನ್ನು ಬೇರೆಡೆ ತಿರುಗಿಸಿದರೆ ಕೊಡಲಿ ತಾಗದೆಯೇ ಜೌಗು ಅಳಿಯುವುದು. ಬೀಜವನ್ನು ಕೂಡಿಡೋಣವೆಂದರೆ, ಅದು ಒಣಗಿದೊಡನೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದು.

೨೦೦೦ದಲ್ಲಿ ಇದೇ ಕಾನಿನಿಂದ ಗೇರಿನ ಕುಲದ ಹೊಸ ಮರವೊಂದನ್ನು ವರ್ಣಿಸಿ, ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ೨೦೧೧ರಲ್ಲಿ ಈ ಭಾಗದ ಕಾಡುಗಳು ಸಿಂಹಬಾಲದ ಸಿಂಗಳೀಕದ ಸಲುವಾಗಿ ಸಂರಕ್ಷಣಾ ಮೀಸಲು ಪ್ರದೇಶವಾದುವು. ಆದರೆ ಮರವನ್ನು ಕಾಯುವುದೆಂದರೆ ಮೊದಲು ತೊರೆಯನ್ನು ಕಾಯುವುದು. ಜೌಗು ಮಳೆನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಮೆಲ್ಲನೆ ಬಿಡುವುದು. ಕೆಳಗಿನ ತೋಟಗಳಿಗೂ ಅದೇ ಆಧಾರ. ಬಿಂದಿಗೆ ನೀರಿನ ಬೆಲೆಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.