ನಾಯಿಮರಿ ತರುವ ಮುನ್ನ ಅದರ ಅಮ್ಮನನ್ನು ನೋಡಿ

'ಅಮ್ಮಾ, ಬರ್ತ್‌ಡೇಗೆ ಬೇರೇನೂ ಬೇಡ, ಒಂದು ನಾಯಿಮರಿ ಕೊಡಿಸು ಸಾಕು...' ಈ ರಾಗ ನಿಮ್ಮ ಮನೆಯಲ್ಲೂ ಶುರುವಾಗಿದೆಯಾ? ಯಜಮಾನರೂ ಮೊಬೈಲಿನಲ್ಲಿ ಫೋಟೊ ತೋರಿಸಿ 'ನೋಡೇ, ಎಷ್ಟು ಮುದ್ದಾಗಿದೆ, ಭಾನುವಾರ ಮನೆಗೇ ತಂದುಕೊಡ್ತಾರಂತೆ' ಅಂತ ಮಗನ ಪಾರ್ಟಿ ಸೇರಿಬಿಟ್ಟಿದ್ದಾರಾ? ಆಮೇಲೆ ಅದಕ್ಕೆ ಊಟ ಹಾಕುವುದು, ನೆಲ ಒರೆಸುವುದು, ಡಾಕ್ಟರ ಹತ್ತಿರ ಓಡುವುದು ಎಲ್ಲಾ ನಿಮ್ಮ ತಲೆಗೇ ತಾನೇ ಬರೋದು! ಅದಕ್ಕೇ ಹೂಂ ಅನ್ನುವ ಮೊದಲು ಮಾರುವವರನ್ನು ಒಂದು ಪ್ರಶ್ನೆ ಕೇಳಿ: 'ಇದರ ಅಮ್ಮ ಎಲ್ಲಿದೆ? ನೋಡಬಹುದಾ?'

'ತಾಯಿ ಹಳ್ಳಿಯಲ್ಲಿದೆ ಮೇಡಂ', 'ಫಾರ್ಮ್ ಒಳಗೆ ಯಾರನ್ನೂ ಬಿಡಲ್ಲ', 'ಅಡ್ವಾನ್ಸ್ ಹಾಕಿ, ಮರಿ ಕಳಿಸ್ತೀನಿ' ಅಂತೆಲ್ಲ ಶುರುಮಾಡಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ. ಬೆಂಡೆಕಾಯಿ ಕೊಳ್ಳುವಾಗಲೂ ತುದಿ ಮುರಿದು ನೋಡುವವರು ನಾವು. ಹತ್ತು ಹನ್ನೆರಡು ವರ್ಷ ಜೊತೆಗಿರುವ ಜೀವವನ್ನು ಬರೀ ಫೋಟೊ ನೋಡಿ ತರೋದಾ?

ತಾಯಿಯನ್ನು ಬಚ್ಚಿಡುವುದಕ್ಕೆ ಕಾರಣ ಇರುತ್ತದೆ. ಎಷ್ಟೋ ಕಡೆ ಅದು ಇಕ್ಕಟ್ಟಾದ ಗೂಡಿನಲ್ಲಿ, ಒಂದು ಬಾಣಂತನ ಮುಗಿಯುವುದರೊಳಗೆ ಇನ್ನೊಂದಕ್ಕೆ ಸಿದ್ಧವಾಗಬೇಕಾದ ಯಂತ್ರ. '777 ಚಾರ್ಲಿ' ಸಿನಿಮಾವನ್ನು (2022) ನೀವೂ ಕರ್ಚೀಫು ಒದ್ದೆ ಮಾಡಿಕೊಂಡೇ ನೋಡಿರುತ್ತೀರಿ. ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಅಂಥದೇ ಒಬ್ಬನ ಕೈಯಿಂದ. ಅದು ಸಿನಿಮಾ ಕತೆ ಮಾತ್ರ ಅಂದುಕೊಳ್ಳಬೇಡಿ.

ಕಾನೂನೂ ನಿಮ್ಮ ಕಡೆಗಿದೆ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸಿ ಮಾರುವವರಿಗೆಂದೇ ನಿಯಮ ಮಾಡಿದೆ. ಅವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಹೆಣ್ಣು ನಾಯಿಗೆ 18 ತಿಂಗಳಾದರೂ ತುಂಬಿರಬೇಕು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕಿಸುವಂತಿಲ್ಲ. 8 ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ನೋಂದಣಿ ಪತ್ರ, ಲಸಿಕೆ ಕಾರ್ಡು, ಬಿಲ್ಲು ಮೂರನ್ನೂ ಕೇಳಿ. ಕೇಳೋಕೆ ಸಂಕೋಚ ಯಾಕೆ? ಕಾಸು ಕೊಡುವವರು ನೀವು.

ಆದರೆ ಮಾರುವವರಿಗೆ ತಿಂಗಳ ಮರಿಯೇ ಇಷ್ಟ. ಹತ್ತಿಯುಂಡೆಯ ಹಾಗೆ ಇರುತ್ತದೆ, ಬೇಗ ಬಿಕರಿಯಾಗುತ್ತದೆ, ಲಸಿಕೆಯ ಖರ್ಚೂ ಉಳಿಯುತ್ತದೆ. ಅಮ್ಮ, ಅಣ್ಣ ತಮ್ಮಂದಿರ ಜೊತೆ ಆಡುತ್ತಾ ಎಷ್ಟು ಗಟ್ಟಿಯಾಗಿ ಕಚ್ಚಬಾರದು ಎಂಬುದನ್ನು ಮರಿ ಕಲಿಯುವುದು ಈ ಎರಡು ತಿಂಗಳಲ್ಲೇ. ಬೇಗ ಅಗಲಿಸಿದ ಮರಿ ಮುಂದೆ ಹೆದರುಪುಕ್ಕಲಾಗಬಹುದು, ಇಲ್ಲವೇ ಸಿಕ್ಕಿದ್ದನ್ನೆಲ್ಲ ಕಚ್ಚಬಹುದು.

ಅದಕ್ಕಿಂತ ಭಯದ್ದು ಪಾರ್ವೊ ಎಂಬ ವೈರಸ್ ಕಾಯಿಲೆ. ಸೋಂಕು ತಗುಲಿ ಮೂರರಿಂದ ಏಳು ದಿನದಲ್ಲಿ ಅದು ಕಾಣಿಸಿಕೊಳ್ಳುವುದೇ ಹೆಚ್ಚು. ಅಂದರೆ ಭಾನುವಾರ ಕುಣಿದಾಡುತ್ತಿದ್ದ ಮರಿ ಗುರುವಾರ ಊಟ ಬಿಡುತ್ತದೆ, ವಾಂತಿ ಮಾಡಿಕೊಳ್ಳುತ್ತದೆ, ರಕ್ತಭೇದಿ ಆಗುತ್ತದೆ. 'ನಾಳೆ ನೋಡೋಣ' ಅನ್ನಬೇಡಿ, ಅದೇ ಗಳಿಗೆಯಲ್ಲಿ ಪಶುವೈದ್ಯರ ಹತ್ತಿರ ಒಯ್ಯಿರಿ. ಈ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಮರಿ ಹೀಗೆ ಹೋದ ಮನೆಗೆ ಕೂಡಲೇ ಇನ್ನೊಂದು ಮರಿ ತರಬಾರದು. ಲಸಿಕೆ 6ರಿಂದ 8ನೇ ವಾರದಲ್ಲಿ ಶುರುವಾಗಿ, ಮೂರು ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ ಆಗಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಇನ್ನು ಜಾತಿ ನಾಯಿಯ ಮೋಹ. 2003ರ ಹಚ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡುತ್ತಿದ್ದ ಪಗ್ ನೆನಪಿದೆಯಲ್ಲ? ಅದನ್ನು ನೋಡಿ ಪಗ್ ತಂದವರಿಗೆ, ಆ ಚಪ್ಪಟೆ ಮೂಗಿನ ನಾಯಿ ಬಿಸಿಲಲ್ಲಿ ಉಸಿರಿಗೇ ಕಷ್ಟಪಡುತ್ತದೆ ಅಂತ ಯಾರು ಹೇಳಿದ್ದರು? ಈಗ ಹಿಮದ ನಾಡಿನ ಹಸ್ಕಿ. ಕಲಬುರಗಿ, ಬಳ್ಳಾರಿಯ ಸೆಕೆಯಲ್ಲಿ ಆ ಉಣ್ಣೆಯ ಕೋಟು ಹೊದ್ದುಕೊಂಡು ಅದು ಬದುಕಬೇಕು. ಪಾಪ!

ಹಾಗಾದರೆ ಮಗನ ಆಸೆ? ನಮ್ಮ ಬೀದಿಯ ನಾಯಿ ಇದೇ ಹವೆಗೆ ಹುಟ್ಟಿದ್ದು. ತುಪ್ಪಳ ಕಮ್ಮಿ, ಬುದ್ಧಿ ಚುರುಕು. ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ 'ಕ್ಯೂಪಾ'ದಂಥ ಸಂಸ್ಥೆಗಳು ದತ್ತು ಕೊಡುತ್ತವೆ. ಆದರೆ ತಂದಮೇಲೆ ಮತ್ತೆ ಬೀದಿಗೆ ಬಿಡುವ ಹಾಗಿಲ್ಲ. ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರ ಆದೇಶದಲ್ಲಿ ಇದನ್ನೇ ಹೇಳಿತು.

ಬೀದಿಯ ಮರಿ ಅಂದರೂ ಪ್ರಶ್ನೆ ಅದೇ, ಅಮ್ಮ ಎಲ್ಲಿ? ಚರಂಡಿ ಪಕ್ಕ ಐದಾರು ಮರಿ ಕುಂಯ್‌ಗುಡುತ್ತಿದ್ದರೆ ಅನಾಥ ಅಂದುಕೊಂಡು ಎತ್ತಿಕೊಂಡು ಬರಬೇಡಿ. ತಾಯಿ ಊಟ ಹುಡುಕಲು ಹೋಗಿರಬಹುದು. ದೂರದಲ್ಲಿ ನಿಂತು ಕೆಲವು ಗಂಟೆ ನೋಡಿ. ಬಂದರೆ, ಊಟ ಹಾಕಬೇಕಾದದ್ದು ಆ ಬಾಣಂತಿಗೆ. ರಾಗಿ ಮುದ್ದೆ ಅಥವಾ ಅನ್ನಕ್ಕೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಚಿಕನ್ ಕಲಸಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ. ಚಾಕೊಲೇಟು, ಒಣದ್ರಾಕ್ಷಿ ಅವಕ್ಕೆ ವಿಷ. ಮರಿಗಳಿಗೆ ಹಸುವಿನ ಹಾಲು ಹಾಕಿದರೆ ಭೇದಿ ಹತ್ತಬಹುದು. ಮಲಗಲು ಗೋಣಿಚೀಲ ಹಾಸಿದ ರಟ್ಟಿನ ಡಬ್ಬ ಸಾಕು. ಯಜಮಾನರಿಗೂ ಹೇಳಿ, ಕಾರು ತೆಗೆಯುವ ಮುಂಚೆ ಒಮ್ಮೆ ಬಗ್ಗಿ ಅಡಿಯಲ್ಲಿ ನೋಡಲಿ.

ಊಟ ಹಾಕುವ ಜಾಗದ್ದೇ ದೊಡ್ಡ ಜಗಳ. ಎದುರು ಮನೆಯವರ ಗೇಟಿನ ಮುಂದೆ ಹಾಕಿ ಪುಣ್ಯ ಕಟ್ಟಿಕೊಳ್ಳುವುದು ನನಗಂತೂ ಸರಿ ಕಾಣದು. 2023ರ ಕೇಂದ್ರ ನಿಯಮದ ಪ್ರಕಾರ ಊಟದ ಜಾಗ ಮಕ್ಕಳ ಆಟದ ಜಾಗ, ಮೆಟ್ಟಿಲು, ಓಡಾಡುವ ಬಾಗಿಲುಗಳಿಂದ ದೂರ ಇರಬೇಕು. ಬೀದಿಯಲ್ಲಿ ಎಲ್ಲೆಂದರಲ್ಲಿ ಹಾಕುವಂತಿಲ್ಲ, ಗೊತ್ತುಮಾಡಿದ ಜಾಗದಲ್ಲೇ ಹಾಕಬೇಕು ಅಂತ ಸುಪ್ರೀಂ ಕೋರ್ಟಿನ ಅದೇ ಆದೇಶವೂ ಹೇಳಿತು. ನಿಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೂತು ಜಾಗ, ಹೊತ್ತು ಎರಡನ್ನೂ ಗೊತ್ತುಮಾಡಿಕೊಳ್ಳಿ. ಉಂಡ ಮೇಲೆ ಜಾಗ ಗುಡಿಸಿ.

ಮಕ್ಕಳಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ: ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು, ಮರಿ ಪರಚಿದರೂ ಬಚ್ಚಿಡಬಾರದು. ಮರಿಗೂ ರೇಬೀಸ್ ಇರಬಹುದು. ಕಚ್ಚಿದ, ಪರಚಿದ ಜಾಗವನ್ನು ಕೂಡಲೇ ನಲ್ಲಿ ನೀರಿನಡಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಉಚಿತ. ವೈದ್ಯರು ಹೇಳಿದ ಒಂದು ಡೋಸನ್ನೂ ತಪ್ಪಿಸಬೇಡಿ, ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಯುವುದು ತೀರಾ ಅಪರೂಪ.

ಮರಿಗಳು ಹಾಲು ಬಿಟ್ಟ ಮೇಲೆ ತಾಯಿಯನ್ನು ಮರೆಯಬೇಡಿ. ನಾಯಿಯ ಬಸಿರು ಸುಮಾರು 63 ದಿನ. ಸುಮ್ಮನಿದ್ದರೆ ವರ್ಷದಲ್ಲಿ ಎರಡು ಸಲ ಮರಿ ಹಾಕಬಹುದು. ಪಾಲಿಕೆಯ ಪಶುಪಾಲನೆ ವಿಭಾಗಕ್ಕೆ ಫೋನ್ ಮಾಡಿ ಸಂತಾನಹರಣ ಆಪರೇಷನ್ನಿಗೆ ಹೆಸರು ಬರೆಸಿ. ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಸ್ವಲ್ಪ ಕತ್ತರಿಸಿ, ಹಿಡಿದ ಜಾಗಕ್ಕೇ ತಂದು ಬಿಡುವುದು ಸಾಮಾನ್ಯ ಕ್ರಮ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದವನ್ನು ಮಾತ್ರ ಅಲ್ಲೇ ಬಿಡಬಾರದೆಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೇಳಿತು. ಹಿಡಿಯುವ ವ್ಯಾನು ಬಂದ ದಿನ ನೀವೇ ಹತ್ತಿರ ನಿಂತು, ಯಾವ ನಾಯಿ, ಯಾವ ಬೀದಿ ಅಂತ ಬರೆಸಿಕೊಡಿ. ವಾಪಸು ಬಂದಾಗ ಗುರುತು ಹಿಡಿಯಲು ಒಂದು ಫೋಟೊನೂ ತೆಗೆದಿಟ್ಟುಕೊಳ್ಳಿ.